ರೋಟ್‌ಸೇಯಲ್ಲಿ ಕ್ವಾಡ್: ಬಾಡಿಗೆ ದೋಣಿಯಿಂದ ಫೈನಲ್‌ವರೆಗೆ

ಸ್ವಿಟ್ಜರ್ಲೆಂಡಿನ ಲೂಸರ್ನ್ ಊರಿನ ಅಂಚಿನಲ್ಲಿರುವ ರೋಟ್‌ಸೇ ಸರೋವರದ ಉದ್ದ ಸುಮಾರು ಎರಡೂವರೆ ಕಿಲೋಮೀಟರ್. ಅದರಲ್ಲಿ 2,000 ಮೀಟರ್ ರೇಸಿಗೇ ಹೋದರೆ, ಸ್ಟಾರ್ಟ್‌ನ ಹಿಂದೆ ಮತ್ತು ಫಿನಿಷ್ ದಾಟಿದ ಮೇಲೆ ಸೇರಿ ಉಳಿಯುವುದು ಐನೂರು ಮೀಟರಿನಷ್ಟು. ರೋಯಿಂಗ್‌ನ, ಅಂದರೆ ಹುಟ್ಟು ಹಾಕುವ ದೋಣಿಗಳ, ವಿಶ್ವಕಪ್ ರೆಗಟ್ಟಾಗೆ (ಪಂದ್ಯಾವಳಿಗೆ) ಬಂದ ದೋಣಿಗಳೆಲ್ಲ ಇಷ್ಟರಲ್ಲೇ ತಿರುಗಬೇಕು, ಮೈ ಬಿಸಿ ಮಾಡಿಕೊಳ್ಳಬೇಕು, ಸರದಿ ಕಾಯಬೇಕು. ಹದಿಮೂರು ಮೀಟರಿನ ಆಸುಪಾಸು ಉದ್ದವಿರುವ, ನಾಲ್ವರು ಕೂರುವ ಕ್ವಾಡ್ ದೋಣಿಗೆ ಇದು ಬಹಳ ಬಿಗಿ ಜಾಗ. ಹಾಗಿದ್ದರೂ ಎರಡೂ ಬದಿಯ ಗುಡ್ಡ, ಮರಗಳ ಮರೆಯಿಂದ ಗಾಳಿಯ ಕಾಟ ಕಡಿಮೆ, ನೀರು ನಯ. ಪುರುಷರ ಕ್ವಾಡ್ರಪಲ್ ಸ್ಕಲ್ಸ್ (ಕ್ವಾಡ್‌ನ ಪೂರ್ತಿ ಹೆಸರು) ವಿಶ್ವ ಚಾಂಪಿಯನ್‌ಷಿಪ್‌ಗೆ ಸೇರಿದ್ದೂ ಇದೇ ನೀರಿನಲ್ಲಿ, 1974ರಲ್ಲಿ. ಆಗ ಪೂರ್ವ ಜರ್ಮನಿ ಗೆದ್ದಿತು. 1976ರಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸ್‌ಗೆ ಈ ಸ್ಪರ್ಧೆ ಬಂದಾಗಲೂ ಚಿನ್ನ ಅವರದೇ.

ಕ್ವಾಡ್ ಎಂದರೆ ನಾಲ್ವರು, ಒಬ್ಬೊಬ್ಬರ ಕೈಯಲ್ಲಿ ಎರಡೆರಡು ಹುಟ್ಟು (ಇದಕ್ಕೇ ಸ್ಕಲ್ಲಿಂಗ್ ಎನ್ನುವುದು), ದಾರಿ ಹೇಳಲು ಕಾಕ್ಸ್ ಇಲ್ಲ. ಎಂಟು ಜನರ ದೋಣಿ ಬಿಟ್ಟರೆ ಇದಕ್ಕಿಂತ ವೇಗದ್ದು ಇಲ್ಲ. 2014ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಉಕ್ರೇನ್ 2,000 ಮೀಟರಿನ ಅತ್ಯುತ್ತಮ ಸಮಯವನ್ನು 5 ನಿಮಿಷ 32.26 ಸೆಕೆಂಡಿಗೆ ಇಳಿಸಿತ್ತು. 2021ರ ಟೋಕಿಯೊ ಫೈನಲ್‌ನಲ್ಲಿ ನೆದರ್ಲೆಂಡ್ಸ್ 5 ನಿಮಿಷ 32.03 ಸೆಕೆಂಡಿನಲ್ಲಿ ಅದನ್ನು ದಾಟಿತು. ಅಂದರೆ ಸೆಕೆಂಡಿಗೆ ಆರು ಮೀಟರ್. ಈ ವೇಗದಲ್ಲಿ ನೀರಿನ ಮೇಲೆ ಏನನ್ನೂ ತಿದ್ದಿಕೊಳ್ಳಲು ಪುರುಸೊತ್ತು ಸಿಗುವುದಿಲ್ಲ. ತಿದ್ದುವುದೆಲ್ಲ ದಡದಲ್ಲಿ, ಟೇಪು ಸ್ಪ್ಯಾನರ್ ಹಿಡಿದೇ ಮುಗಿಯಬೇಕು. ಆದ್ದರಿಂದ ಇಲ್ಲಿ ರೇಸಿಗಿಂತ ದೋಣಿ ಹೊಂದಿಸುವ ಮಾತೇ ಹೆಚ್ಚು.

ಏಷ್ಯಾದಂಥ ದೂರದಿಂದ ಬರುವ ತಂಡಗಳು ಸಾಮಾನ್ಯವಾಗಿ ದೋಣಿ ಹೊತ್ತು ತರುವುದಿಲ್ಲ, ಯುರೋಪಿನ ತಯಾರಕರಿಂದ ಬಾಡಿಗೆಗೆ ಹಿಡಿಯುತ್ತವೆ. ಬುಕ್ ಮಾಡುವಾಗಲೇ ಕೇಳಬೇಕಾದ ಮೊದಲ ಪ್ರಶ್ನೆ ದೋಣಿಯ ಒಡಲು ಎಷ್ಟು ತೂಕದ ತಂಡಕ್ಕೆ ಮಾಡಿದ್ದು ಎಂಬುದು. ಸರಾಸರಿ 95 ಕೆ.ಜಿ.ಯವರಿಗೆ ಮಾಡಿದ ಒಡಲಿನಲ್ಲಿ 80 ಕೆ.ಜಿ.ಯ ನಾಲ್ವರು ಕೂತರೆ ದೋಣಿ ನೀರಿನ ಮೇಲೆ ಎತ್ತರಕ್ಕೆ ಕೂರುತ್ತದೆ, ಅಲುಗಾಡುತ್ತದೆ, ಅಡ್ಡಗಾಳಿ ಬಂದರೆ ಮೂತಿ ತಿರುಗಿಸುತ್ತದೆ. ತೀರಾ ಚಿಕ್ಕದಾದರೆ ಮುಳುಗು ಹೆಚ್ಚಿ ಎಳೆತ ಭಾರವಾಗುತ್ತದೆ. ಇದನ್ನು ಯಾವ ನಟ್ಟು ತಿರುಗಿಸಿಯೂ ಸರಿಪಡಿಸಲಾಗದು. ಎತ್ತರ ತೋರುವುದನ್ನು ಕಂಡು ಎಲ್ಲರ ಗೇಟನ್ನೂ (ಹುಟ್ಟು ಕೂರುವ ಕೊಂಡಿ) ಇಳಿಸಿ ಸಮಾಧಾನ ಮಾಡಿಕೊಳ್ಳುವವರಿದ್ದಾರೆ. ಆಮೇಲೆ ಹುಟ್ಟಿನ ಹಿಡಿ ತೊಡೆಗೆ ತಾಗಿ, ನೀರಿನಿಂದ ಅಲಗು (ಹುಟ್ಟಿನ ಚಪ್ಪಟೆ ತುದಿ) ಎತ್ತಲು ಜಾಗವೇ ಇಲ್ಲ ಎಂಬ ಇನ್ನೊಂದು ತಕರಾರು ಶುರುವಾಗುತ್ತದೆ.

ದೋಣಿ ಕೈಗೆ ಬಂದ ಮೇಲೆ ಅದನ್ನು ಎರಡು ಸ್ಲಿಂಗ್ ಸ್ಟ್ಯಾಂಡ್‌ಗಳ ಮೇಲಿಟ್ಟು, ಉದ್ದಕ್ಕೂ ಅಡ್ಡಕ್ಕೂ ರಸಮಟ್ಟ ಇಟ್ಟು ನೋಡಿ, ಅಲುಗದಂತೆ ಕಟ್ಟಿದ ನಂತರವೇ ಅಳತೆ ಶುರು. ಈ ಹಂತ ಹಾರಿಸಿದರೆ ಮುಂದಿನ ಯಾವ ಅಳತೆಗೂ ಅರ್ಥವಿಲ್ಲ. ಕೈಯಲ್ಲಿ ಬೇಕಾದದ್ದು 10 ಮತ್ತು 13ನೇ ನಂಬರಿನ ಸ್ಪ್ಯಾನರ್‌ಗಳು, ಉಕ್ಕಿನ ಟೇಪು, ಗೇಟ್‌ನ ಎತ್ತರ ಅಳೆಯುವ ಕೋಲು, ಪಿಚ್ ಮೀಟರ್, ಒಂದು ಪೆನ್ಸಿಲ್, ಒಂದು ಹಾಳೆ.

ಮೊದಲು ಸ್ಪ್ಯಾನ್, ಅಂದರೆ ಗೇಟ್ ತಿರುಗುವ ಎಡಬಲದ ಎರಡು ಪಿನ್‌ಗಳ ನಡುವಿನ ಅಂತರ. ಪುರುಷರ ಕ್ವಾಡ್‌ನಲ್ಲಿ 158ರಿಂದ 160 ಸೆಂ.ಮೀ. ಒಟ್ಟು ಅಂತರ ಸರಿ ಇದ್ದರೆ ಸಾಲದು. ದೋಣಿಯ ನಡುಗೆರೆಯಿಂದ ಎರಡೂ ಬದಿಗೆ ಸಮ ಇರಬೇಕು. ಒಂದು ಕಡೆ 79, ಇನ್ನೊಂದು ಕಡೆ 80 ಆದರೂ ಒಟ್ಟು 159 ಎಂದೇ ಟೇಪು ತೋರಿಸುತ್ತದೆ. ನೀರಿಗಿಳಿದ ಮೇಲೆ ಮಾತ್ರ ಒಂದು ಕೈಗೆ ಹೊರೆ ಹೆಚ್ಚಿ ದೋಣಿ ಪಕ್ಕಕ್ಕೆ ಜಗ್ಗುತ್ತದೆ. ಹಾಗಿದ್ದಾಗ ಚುಕ್ಕಾಣಿ ಹಿಡಿದವನು ರೇಸ್ ಪೂರ್ತಿ ಕಾಲು ಒತ್ತಿಕೊಂಡೇ ಇರಬೇಕು, ತಿರುಗಿದ ಚುಕ್ಕಾಣಿ ನೀರನ್ನು ತಡೆಯುತ್ತಲೇ ಇರುತ್ತದೆ.

ಹುಟ್ಟಿನ ಉದ್ದ ಅಲಗಿನ ಆಕಾರದ ಮೇಲೆ ನಿಂತಿದೆ. ಸಾಮಾನ್ಯ ಅಲಗಿಗೆ 288 ಸೆಂ.ಮೀ. ಆಸುಪಾಸು, ಅಗಲವಾಗಿ, ಗಿಡ್ಡವಾಗಿರುವ ಅಲಗಿಗೆ ಅದಕ್ಕಿಂತ ಕಡಿಮೆ. ಕಾಲರ್‌ನಿಂದ (ಹುಟ್ಟು ಗೇಟಿಗೆ ಆನಿಸುವ ಪಟ್ಟಿ) ಹಿಡಿಯ ತುದಿಯವರೆಗಿನ ಒಳಭಾಗ ಸುಮಾರು 88. ಸ್ಪ್ಯಾನ್ 159, ಒಳಭಾಗ 88 ಇಟ್ಟರೆ ಎರಡು ಹಿಡಿಗಳು ಎದೆಯ ಮುಂದೆ ಒಂದರ ಮೇಲೊಂದು ಸುಮಾರು 20 ಸೆಂ.ಮೀ. ಹಾಯುತ್ತವೆ. ಹಾಗಾಗಿ ಎರಡೂ ಕೈ ಒಂದೇ ಮಟ್ಟದಲ್ಲಿ ಬರಲಾರವು. ಎಡಗೈ ಮೇಲೆ, ಬಲಗೈ ಕೆಳಗೆ ಎನ್ನುವುದು ರೂಢಿ. ಅದಕ್ಕೆ ತಕ್ಕಂತೆ ಎಡಗೈಯ ಹುಟ್ಟು ಕೂರುವ ಗೇಟನ್ನು ಒಂದರಿಂದ ಒಂದೂವರೆ ಸೆಂ.ಮೀ. ಮೇಲಕ್ಕಿಡುತ್ತೇವೆ. ಸೀಟಿನಿಂದ ಗೇಟ್‌ನ ಎತ್ತರ 16ರಿಂದ 18 ಸೆಂ.ಮೀ. ಇದನ್ನು ಪಿನ್ನಿನ ಮೇಲೆ ಕೆಳಗೆ ಸಿಕ್ಕಿಸುವ ಪ್ಲಾಸ್ಟಿಕ್ ವಾಷರ್‌ಗಳಿಂದ ಸ್ಪ್ಯಾನರ್ ಇಲ್ಲದೆಯೇ ಬದಲಿಸಬಹುದು. ನೀರಿನ ಮೇಲೆ ಕೂತೂ ಮಾಡಬಹುದಾದ ಹೊಂದಾಣಿಕೆ ಇದು. ಬಾಡಿಗೆ ದೋಣಿಯಲ್ಲಿ ಈ ವಾಷರ್‌ಗಳು ಎಷ್ಟೋ ಸಲ ಕಡಿಮೆ ಬಿದ್ದಿರುತ್ತವೆ. ಒಂದು ಮುಷ್ಟಿ ನಾವೇ ಕೊಂಡೊಯ್ಯುವುದು ಒಳ್ಳೆಯದು.

ಆಮೇಲೆ ಪಿಚ್. ಅಲಗು ನೀರಿನಲ್ಲಿ ನೆಟ್ಟಗೆ ನಿಲ್ಲದೆ ಸುಮಾರು 4 ಡಿಗ್ರಿ ವಾಲಿರಬೇಕು. ಕಡಿಮೆಯಾದರೆ ಅಲಗು ಆಳಕ್ಕೆ ಇಳಿಯುತ್ತದೆ, ಎಳೆದವನಿಗೆ ಅದು ಹೊರಗೇ ಬಾರದು. ಹೆಚ್ಚಾದರೆ ಎಳೆತದ ಕೊನೆಯಲ್ಲಿ ನೀರಿನಿಂದ ಜಾರಿ ಹೊರಬರುತ್ತದೆ. ಗೇಟ್‌ನೊಳಗೆ ಸಿಕ್ಕಿಸುವ, 1ರಿಂದ 7ರವರೆಗೆ ಅಂಕಿ ಬರೆದಿರುವ ಬುಷ್‌ಗಳಿಂದ ಇದನ್ನು ಒಂದೊಂದೇ ಡಿಗ್ರಿ ಬದಲಿಸಬಹುದು. ಆದರೆ ಬುಷ್‌ನ ಮೇಲಿನ ಅಂಕಿಯನ್ನು ನಂಬಿ ಮುಂದೆ ಹೋಗಬೇಡಿ. ಪಿನ್ನೇ ಸ್ವಲ್ಪ ಬಾಗಿದ್ದರೆ 4 ಎಂದು ಬರೆದ ಬುಷ್ 6 ಕೊಡುತ್ತದೆ. ಎಂಟು ಗೇಟಿಗೂ ಮೀಟರ್ ಇಟ್ಟೇ ನೋಡಬೇಕು. ಬೇರೆ ಬೇರೆ ತಂಡ ಬಳಸಿದ ದೋಣಿಯಲ್ಲಿ ಎಂಟೂ ಒಂದೇ ಇರುವುದು ಅಪರೂಪ.

ಫುಟ್‌ಸ್ಟ್ರೆಚರ್, ಅಂದರೆ ಶೂ ಬಿಗಿದಿರುವ ಕಾಲೊತ್ತುವ ಹಲಗೆ, ಪ್ರತಿಯೊಬ್ಬನದೂ ಬೇರೆ. ಕೋನ 40ರಿಂದ 42 ಡಿಗ್ರಿ, ಹಿಮ್ಮಡಿ ಸೀಟಿಗಿಂತ 16ರಿಂದ 19 ಸೆಂ.ಮೀ. ಕೆಳಗೆ. ಹಿಂದೆ ಮುಂದೆ ಎಲ್ಲಿಡಬೇಕು ಎಂಬುದಕ್ಕೆ ಗುರುತು ಇದು: ಎಳೆತ ಮುಗಿದಾಗ ಎರಡು ಹಿಡಿಗಳ ತುದಿ ಪಕ್ಕೆಗೆ ತಾಗದೆ, ನಡುವೆ ಸುಮಾರು 15 ಸೆಂ.ಮೀ. ಬಿಟ್ಟು ನಿಲ್ಲಬೇಕು. ಉನ್ನತ ಮಟ್ಟದ ಪುರುಷರ ಸ್ಕಲ್ಲಿಂಗ್‌ನಲ್ಲಿ ಹುಟ್ಟು ಬೀಸುವ ಒಟ್ಟು ಕೋನ 110 ಡಿಗ್ರಿಯಷ್ಟು. ನಾಲ್ವರ ಎತ್ತರ ಬೇರೆ ಬೇರೆ ಇರುತ್ತದಲ್ಲ, ಆ ಕೋನವನ್ನು ನಾಲ್ವರಿಗೂ ಹತ್ತಿರ ತರುವುದೇ ಸ್ಟ್ರೆಚರ್ ಹೊಂದಿಸುವುದರ ಉದ್ದೇಶ. ಒಬ್ಬನದು ಐದು ಡಿಗ್ರಿ ಗಿಡ್ಡವಾದರೆ ಅವನ ಅಲಗು ಉಳಿದವರಿಗಿಂತ ಮೊದಲೇ ನೀರು ಹಿಡಿಯುತ್ತದೆ. ದಡದಿಂದ ನೋಡುವವರು ‘ಅವನು ಆತುರ ಮಾಡ್ತಾನೆ’ ಎನ್ನುತ್ತಾರೆ. ಅವನ ತಪ್ಪೇನೂ ಇರುವುದಿಲ್ಲ, ಸ್ಟ್ರೆಚರ್ ಎರಡು ಗುಂಡಿ ಸರಿಯಬೇಕಿರುತ್ತದೆ ಅಷ್ಟೆ.

ಇನ್ನು ಚುಕ್ಕಾಣಿ. ನಾಲ್ವರಲ್ಲಿ ಒಬ್ಬನ ಶೂ ಎಡಬಲಕ್ಕೆ ತಿರುಗುವಂತಿದ್ದು, ಅದರಿಂದ ಎರಡು ತಂತಿಗಳು ದೋಣಿಯ ಹಿಂಬದಿಯ ಚುಕ್ಕಾಣಿಗೆ ಹೋಗುತ್ತವೆ. ಎಷ್ಟೋ ತಂಡಗಳಲ್ಲಿ ಬೋ ಸೀಟಿನವನೇ (ದೋಣಿಯ ಮೂತಿಗೆ ಅತಿ ಹತ್ತಿರ ಕೂತವನು) ಇದನ್ನು ನೋಡಿಕೊಳ್ಳುತ್ತಾನೆ, ತಿರುಗಿ ನೋಡಿದರೆ ಅವನಿಗೆ ಮಾತ್ರ ದಾರಿ ತೆರೆದು ಕಾಣುವುದು. ಬಾಡಿಗೆ ದೋಣಿಯಲ್ಲಿ ಈ ಶೂ ಬೇರೆ ಸೀಟಿನಲ್ಲಿದ್ದರೆ ತಂತಿ ಸಮೇತ ವರ್ಗಾಯಿಸಬೇಕು. ಆಗ ಆಗುವ ಎಡವಟ್ಟು ಎಂದರೆ ತಂತಿಗಳು ಅದಲು ಬದಲಾಗುವುದು. ಬಲಕ್ಕೆ ಒತ್ತಿದರೆ ದೋಣಿ ಎಡಕ್ಕೆ ಹೋಗುತ್ತದೆ. ದೋಣಿ ಇನ್ನೂ ಸ್ಟ್ಯಾಂಡಿನ ಮೇಲಿರುವಾಗಲೇ ಒಬ್ಬ ಶೂ ತಿರುಗಿಸಿ, ಇನ್ನೊಬ್ಬ ಹಿಂದೆ ಕೂತು ಚುಕ್ಕಾಣಿ ಯಾವ ಕಡೆ ತಿರುಗಿತು ಎಂದು ಕೂಗಿ ಹೇಳಬೇಕು. ಚುಕ್ಕಾಣಿ ನೆಟ್ಟಗಿದ್ದಾಗ ಶೂ ಎಲ್ಲಿರುತ್ತದೋ ಅಲ್ಲಿ ಬಿಳಿ ಟೇಪಿನ ಗುರುತು ಹಾಕುತ್ತೇವೆ. ತಂತಿ ಸಡಿಲವಾದರೆ ಕಾಲು ಒತ್ತಿದ ಮೊದಲ ಒಂದೆರಡು ಸೆಂ.ಮೀ. ಏನೂ ಆಗುವುದಿಲ್ಲ, ಆಮೇಲೆ ಒಮ್ಮೆಲೇ ತಿರುಗುತ್ತದೆ.

ಇದು ಎಷ್ಟು ಮುಖ್ಯ ಎಂಬುದಕ್ಕೆ ಲೆಕ್ಕ ಹೀಗಿದೆ. ಲೇನ್‌ನ ಅಗಲ 13.5 ಮೀಟರ್. ಹುಟ್ಟು ಚಾಚಿದ ಕ್ವಾಡ್‌ನ ಅಗಲ ಒಂದು ಅಲಗಿನ ತುದಿಯಿಂದ ಇನ್ನೊಂದರ ತುದಿಗೆ ಐದೂವರೆ ಮೀಟರ್ ದಾಟುತ್ತದೆ. ಲೇನ್‌ನ ನಡುವೆ ಇದ್ದರೂ ಎರಡೂ ಬದಿಗೆ ಉಳಿಯುವುದು ನಾಲ್ಕು ಮೀಟರಿಗೂ ತುಸು ಕಡಿಮೆ. ದೋಣಿಯ ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿದ್ದರೆ 230 ಮೀಟರ್ ಹೋಗುವಷ್ಟರಲ್ಲಿ ಅಲಗು ಲೇನ್‌ನ ಗಡಿ ತೋರುವ ಬೋಯ್‌ಗೆ (ತೇಲುಗುಂಡಿಗೆ) ತಾಗುತ್ತದೆ. ಸಮಯದ ಲೆಕ್ಕದಲ್ಲಿ ಸುಮಾರು 38 ಸೆಕೆಂಡ್. ಆದ್ದರಿಂದ ಚುಕ್ಕಾಣಿಯವನು ಬೋಯ್ ಹತ್ತಿರ ಬಂದ ಮೇಲೆ ತಿದ್ದುವುದಲ್ಲ. ಅವನು ಕೂತಿರುವುದೇ ಹಿಂದಕ್ಕೆ ಮುಖ ಮಾಡಿ. ಸ್ಟಾರ್ಟ್‌ನ ಕಡೆಗೆ ನೇರ ಹೋಗುವ ಬೋಯ್ ಸಾಲುಗಳ ನಡುವೆ ದೋಣಿಯ ಬಾಲ ಎಲ್ಲಿದೆ ಎಂದು ನೋಡುತ್ತಾ, ಅಲಗುಗಳು ನೀರಿನಲ್ಲಿರುವಾಗ ಮಾತ್ರ ಸ್ವಲ್ಪ ಒತ್ತುತ್ತಾನೆ. ಅಲಗು ಮೇಲಿದ್ದಾಗ ಒತ್ತಿದರೆ ದೋಣಿ ಒಂದು ಬದಿಗೆ ವಾಲುತ್ತದೆ, ನಾಲ್ವರ ಮುಂದಿನ ಎಳೆತ ಕೆಡುತ್ತದೆ.

ಹೊಂದಾಣಿಕೆ ಮುಗಿದ ಮೇಲೆ ತೂಕ. ಕ್ವಾಡ್‌ನ ಕನಿಷ್ಠ ತೂಕ 52 ಕೆ.ಜಿ. ರಿಗರ್ (ಗೇಟುಗಳನ್ನು ದೋಣಿಯ ಹೊರಕ್ಕೆ ಚಾಚಿ ಹಿಡಿಯುವ ಚೌಕಟ್ಟು), ಸೀಟು, ಸ್ಟ್ರೆಚರ್, ಶೂ ಇದರಲ್ಲಿ ಸೇರುತ್ತವೆ. ಹುಟ್ಟುಗಳು, ನೀರಿನ ಬಾಟಲಿ ಸೇರುವುದಿಲ್ಲ. ರೇಸ್ ಮುಗಿಸಿ ಬಂದ ದೋಣಿಗಳಲ್ಲಿ ಕೆಲವನ್ನು ಆರಿಸಿ ತೂಗುತ್ತಾರೆ. ಕಡಿಮೆ ಬಂದರೆ ಆ ರೇಸಿನಲ್ಲಿ ಕೊನೆಯ ಸ್ಥಾನವೇ ಗತಿ. ಆದ್ದರಿಂದ ರೆಗಟ್ಟಾದ ಅಧಿಕೃತ ತಕ್ಕಡಿ ತೆರೆದ ದಿನವೇ ದೋಣಿ ಒಣಗಿಸಿ ತೂಗಿ ನೋಡಬೇಕು. ಒದ್ದೆ ದೋಣಿ ಸುಳ್ಳು ಹೇಳುತ್ತದೆ. 52.3ರ ಹತ್ತಿರ ನಿಲ್ಲಿಸುವುದು ನಮ್ಮ ಲೆಕ್ಕ. ಕಡಿಮೆ ಬಿದ್ದರೆ ಸೀಸದ ತುಂಡುಗಳನ್ನು ದೋಣಿಗೆ ಅಲುಗದಂತೆ ಬಿಗಿಯಬೇಕು, ಸುಮ್ಮನೆ ಒಳಗಿಟ್ಟರೆ ಲೆಕ್ಕಕ್ಕೆ ಬರುವುದಿಲ್ಲ. ಅಲ್ಯೂಮಿನಿಯಂ ರಿಗರ್ ತೆಗೆದು ಕಾರ್ಬನ್ ರಿಗರ್ ಹಾಕಿದವರು ಮತ್ತೆ ತೂಗುವುದನ್ನು ಮರೆಯಬಾರದು.

ದೋಣಿ ನೀರಿಗಿಳಿಸುವ ತೇಲುಕಟ್ಟೆಗೆ, ಅಂದರೆ ಪಾಂಟೂನಿಗೆ, ಇಳಿಯುವಾಗ ಕಂಟ್ರೋಲ್ ಕಮಿಷನ್‌ನವರು ನಿಂತಿರುತ್ತಾರೆ. ಅವರು ನೋಡುವುದು ಮೂತಿಯಲ್ಲಿರುವ ಬಿಳಿ ಬೋ ಬಾಲ್, ಅದರ ವ್ಯಾಸ ಕನಿಷ್ಠ 4 ಸೆಂ.ಮೀ.; ದೋಣಿ ಮಗುಚಿದರೆ ಒಂದೇ ಎಳೆತಕ್ಕೆ ಕಾಲು ಬಿಡಿಸಿಕೊಳ್ಳುವಂತಿರುವ ಶೂ; ಹಿಮ್ಮಡಿ ಹೆಚ್ಚು ಮೇಲೇಳದಂತೆ ಕಟ್ಟಿದ ದಾರ; ಬೋ ನಂಬರ್; ನಾಲ್ವರ ಒಂದೇ ಸಮವಸ್ತ್ರ. ಅಲಗಿನ ಅಂಚಿನ ದಪ್ಪಕ್ಕೂ ನಿಯಮವಿದೆ, ಸ್ಕಲ್‌ಗೆ ಕನಿಷ್ಠ 3 ಮಿ.ಮೀ. ಇಷ್ಟರಲ್ಲಿ ಜನ ಸಿಕ್ಕಿಬೀಳುವುದು ಹಿಮ್ಮಡಿಯ ದಾರದ ವಿಷಯದಲ್ಲಿ. ದಾರ ಹಳತಾಗಿ ಉದ್ದವಾಗಿರುತ್ತದೆ, ಇಲ್ಲವೇ ಶೂ ಬದಲಿಸುವಾಗ ಬಿಚ್ಚಿದ್ದನ್ನು ಯಾರೂ ಕಟ್ಟಿರುವುದಿಲ್ಲ. ಎರಡು ಮೀಟರ್ ನೈಲಾನ್ ದಾರ, ಒಂದು ಕತ್ತರಿ ಕೋಚ್‌ನ ಜೇಬಿನಲ್ಲಿದ್ದರೆ ಎರಡು ನಿಮಿಷದ ಕೆಲಸ. ಇಲ್ಲದಿದ್ದರೆ ವಾಪಸು ದೋಣಿಗಳ ಜಾಗಕ್ಕೆ ಓಡಬೇಕು.

52 ಕೆ.ಜಿ.ಯನ್ನು ನಾಲ್ವರು ಎತ್ತುವುದು ಕಷ್ಟವಲ್ಲ, ತಿರುವಿನಲ್ಲಿ ಅದರ ಉದ್ದವೇ ಕಷ್ಟ. ಹುಟ್ಟುಗಳು ದೋಣಿಗಿಂತ ಮೊದಲೇ ಪಾಂಟೂನ್ ಸೇರಿರಬೇಕು. ಎಡಬಲದ ಹುಟ್ಟು ಬೇರೆ ಬೇರೆ. ಕೆಂಪು ಟೇಪು ಪೋರ್ಟ್ ಬದಿಗೆ (ದೋಣಿ ಸಾಗುವ ದಿಕ್ಕಿಗೆ ನೋಡಿದರೆ ಎಡ), ಹಸಿರು ಸ್ಟಾರ್‌ಬೋರ್ಡ್‌ಗೆ (ಬಲ). ಗೇಟ್ ಮುಚ್ಚಿ ಸ್ಕ್ರೂ ಬಿಗಿದ ಮೇಲೆ ಪ್ರತಿಯೊಬ್ಬನೂ ತನ್ನದನ್ನಷ್ಟೇ ಅಲ್ಲ, ಹಿಂದಿನವನದನ್ನೂ ಮುಟ್ಟಿ ನೋಡುವ ಪದ್ಧತಿ ಒಳ್ಳೆಯದು.

ರೇಸ್ ಹತ್ತು ಗಂಟೆಗೆ ಎಂದಿಟ್ಟುಕೊಳ್ಳಿ. ಏಳೂವರೆಯೊಳಗೆ ತಿಂಡಿ ಮುಗಿದಿರಬೇಕು. ಒಂಬತ್ತಕ್ಕೆ ನಟ್ಟುಗಳ ಕೊನೆಯ ತಪಾಸಣೆ, ಸ್ಲೈಡ್ (ಸೀಟು ಓಡುವ ಹಳಿ) ಮತ್ತು ಸೀಟಿನ ಗಾಲಿಗಳನ್ನು ಬಟ್ಟೆಯಿಂದ ಒರೆಸುವುದು. ಒಂದು ಮರಳಿನ ಕಣ ಸಾಕು, ಸೀಟು ಕಟಕಟ ಎನ್ನುತ್ತದೆ. ಬೇರೆ ಕೋರ್ಸ್‌ಗಳಲ್ಲಿ ನೀರಿನ ಮೇಲೇ ಮುಕ್ಕಾಲು ಗಂಟೆ ವಾರ್ಮ್‌ಅಪ್ ಮಾಡಬಹುದು. ರೋಟ್‌ಸೇಯಲ್ಲಿ ಆ ಜಾಗ ಇಲ್ಲ. ಹಾಗಾಗಿ ಹದಿನೈದು ಇಪ್ಪತ್ತು ನಿಮಿಷ ದಡದಲ್ಲೇ ಎರ್ಗೋಮೀಟರ್ (ಹುಟ್ಟಿನ ಎಳೆತದ ವ್ಯಾಯಾಮ ಯಂತ್ರ) ಮೇಲೆ ಬೆವರಿಳಿಸಿ, ಒಂಬತ್ತು ಇಪ್ಪತ್ತೈದರ ಹೊತ್ತಿಗೆ ನೀರಿಗೆ. ಸ್ಟಾರ್ಟ್‌ನತ್ತ ಹೋಗುವ ದಾರಿಯೇ ವಾರ್ಮ್‌ಅಪ್. ಹೋಗುವ ಲೇನ್, ಬರುವ ಲೇನ್‌ಗಳ ನಕ್ಷೆ ಮೊದಲೇ ಕೊಟ್ಟಿರುತ್ತಾರೆ. ರೇಸ್ ಪಕ್ಕದಲ್ಲಿ ಹಾಯುವಾಗ ನಿಲ್ಲಿಸಬೇಕು. ಹತ್ತು ಎಳೆತದ ಜೋರಿನ ತುಣುಕು ಮಾಡುವುದಿದ್ದರೆ ಮುಂದಿನ ದೋಣಿ ಎಷ್ಟು ದೂರ ಇದೆ ಎಂದು ಬೋ ಸೀಟಿನವನು ನೋಡಿಯೇ ಹೇಳಬೇಕು. ಮುಂದೆ ಸಿಂಗಲ್ (ಒಬ್ಬನೇ ಕೂರುವ ದೋಣಿ) ಇದ್ದರೆ ಕ್ವಾಡ್ ಅದನ್ನು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಹಿಡಿದುಬಿಡುತ್ತದೆ.

ರೇಸಿಗೆ ಎರಡು ನಿಮಿಷ ಇರುವಷ್ಟರಲ್ಲಿ ದೋಣಿ ಸ್ಟಾರ್ಟಿಗೆ ಕಟ್ಟಿರಬೇಕು, ತಡವಾದರೆ ಹಳದಿ ಕಾರ್ಡ್. ಹಿಂದಿನಿಂದ ಒಬ್ಬ ಸ್ವಯಂಸೇವಕ ಪಾಂಟೂನಿನ ಮೇಲೆ ಬೋರಲು ಮಲಗಿ ದೋಣಿಯ ಬಾಲ ಹಿಡಿದಿರುತ್ತಾನೆ, ಮುಂದೆ ಮೂತಿ ಒಂದು ಶೂ ಆಕಾರದ ಹಿಡಿಕೆಯಲ್ಲಿ ಕೂತಿರುತ್ತದೆ. ಹೆಸರು ಕರೆಯುವುದು ಮುಗಿದ ಮೇಲೆ ‘ಅಟೆನ್ಷನ್’, ಕೆಂಪು ದೀಪ, ಒಂದು ವಿರಾಮ, ನಂತರ ಹಸಿರು ಮತ್ತು ಬಜರ್ ಒಟ್ಟಿಗೆ. ಹಿಡಿಕೆ ನೀರಿನೊಳಗೆ ಇಳಿಯುತ್ತದೆ. ಆ ವಿರಾಮ ಪ್ರತಿ ಸಲ ಒಂದೇ ಅಳತೆಯದಲ್ಲ. ಅಂದಾಜಿನ ಮೇಲೆ ಹೊರಟರೆ ಫಾಲ್ಸ್ ಸ್ಟಾರ್ಟ್, ಹಳದಿ ಕಾರ್ಡ್. ಎರಡು ಹಳದಿ ಸೇರಿದರೆ ಕೆಂಪು, ಮನೆಗೆ. ತಡವಾಗಿ ಬಂದು ಒಂದು ಹಳದಿ ಪಡೆದ ತಂಡ ದೀಪ ನೋಡಿಯೇ ಹೊರಡಲಿ, ಅರ್ಧ ಸೆಕೆಂಡ್ ಹೋದರೆ ಹೋಗಲಿ.

ಮೊದಲ ಮೂರು ಎಳೆತ ಪೂರ್ತಿ ಉದ್ದದವಲ್ಲ: ಮುಕ್ಕಾಲು, ಅರ್ಧ, ಮುಕ್ಕಾಲು, ಆಮೇಲೆ ಪೂರ್ತಿ. ನಿಂತ ದೋಣಿಯನ್ನು ಪೂರ್ತಿ ಉದ್ದದಿಂದ ಎಳೆಯಲು ಹೋದರೆ ಬಲ ಅಲಗಿನ ಕೋನದಲ್ಲೇ ಕಳೆದುಹೋಗುತ್ತದೆ. ನಿಮಿಷಕ್ಕೆ 45ರ ಆಸುಪಾಸು ದರದಲ್ಲಿ ಹದಿನೈದಿಪ್ಪತ್ತು ಎಳೆತ, ಆಮೇಲೆ 37-38ಕ್ಕೆ ಇಳಿಸುವುದು. ಮೊದಲ 100 ಮೀಟರ್‌ನ ಬೋಯ್‌ಗಳ ಬಣ್ಣ ಬೇರೆ ಇರುತ್ತದೆ. ಅಷ್ಟರೊಳಗೆ ಗೇಟ್ ಮುರಿದರೆ, ಸೀಟು ಕಳಚಿದರೆ ಕೈ ಎತ್ತಬೇಕು, ರೇಸ್ ನಿಲ್ಲಿಸುತ್ತಾರೆ. 100 ದಾಟಿದ ಮೇಲೆ ಮುರಿದದ್ದು ನಿಮ್ಮ ಹಣೆಬರಹ. ಕೊನೆಯ 250 ಮೀಟರ್‌ಗೂ ಹೀಗೆಯೇ ಬೇರೆ ಬಣ್ಣ. ಹಿಂದಕ್ಕೆ ಮುಖ ಮಾಡಿ ಕೂತವರಿಗೆ ಫಿನಿಷ್ ಬಂತು ಎಂದು ತಿಳಿಯುವುದು ಆ ಬಣ್ಣದಿಂದಲೇ.

ಕ್ವಾಡ್ ಕೆಡುವುದು ದರ ಇಳಿಸುವ ಆ ಹೊತ್ತಿನಲ್ಲಿ. ದೋಣಿಯ ಬಾಲದ ಬದಿಗೆ ಕೂತು ಎಳೆತದ ಲಯ ಹಾಕಿಕೊಡುವ ಸ್ಟ್ರೋಕ್ ಸೀಟಿನವನು ಇಳಿಸುತ್ತಾನೆ, ಹಿಂದಿನವರಲ್ಲಿ ಒಬ್ಬ ಇನ್ನೂ 42ರಲ್ಲೇ ಇರುತ್ತಾನೆ, ಅವನ ಮೈಭಾರ ಉಳಿದವರಿಗಿಂತ ಮೊದಲು ಸ್ಲೈಡ್‌ನ ತುದಿಗೆ ಬಡಿದು ದೋಣಿಯ ಓಟಕ್ಕೆ ತಡೆ ಬೀಳುತ್ತದೆ. ಸರಿಯಾಗಿ ಓಡುವ ಕ್ವಾಡ್ ಒಂದು ಎಳೆತಕ್ಕೆ ಒಂಬತ್ತೂವರೆ ಮೀಟರ್ ಹೋಗುತ್ತದೆ. ರೇಸಿನಲ್ಲಿ ಒಟ್ಟು 210ರಿಂದ 220 ಎಳೆತ, ಅದರಲ್ಲಿ ಇಪ್ಪತ್ತು ಕೆಟ್ಟರೂ ಫೈನಲ್ ಕೈತಪ್ಪುತ್ತದೆ. ಸುಸ್ತಾದವನ ಅಲಗು ತಿರುಗದೆ ನೀರಿನಲ್ಲಿ ಸಿಕ್ಕಿಕೊಳ್ಳುವ ಕ್ರ್ಯಾಬ್ ಇನ್ನೊಂದು. ಕೊನೆಯ 300 ಮೀಟರಿನಲ್ಲಿ, ದರ 40 ದಾಟಿಸುವಾಗ ಅದರ ಭಯ ಹೆಚ್ಚು. ಆಗ ಬೋ ಸೀಟಿನವನ ಕೂಗಿನಲ್ಲಿ ‘ಜೋರು’ ಎನ್ನುವುದಕ್ಕಿಂತ ‘ಕೈ ಮೊದಲು ಕೆಳಕ್ಕೆ’ ಎನ್ನುವುದು ಉಪಯೋಗಕ್ಕೆ ಬರುತ್ತದೆ.

ಗಡಿಯಾರದ ಸಮಯವನ್ನು ಒಂದು ನೀರಿನಿಂದ ಇನ್ನೊಂದು ನೀರಿಗೆ ಹೋಲಿಸುವುದು ನಮ್ಮಲ್ಲಿ ಬಹಳ. ಭಾರತದ ಸ್ವರ್ಣ್ ಸಿಂಗ್, ದತ್ತು ಭೋಕನಳ್, ಓಂ ಪ್ರಕಾಶ್, ಸುಖ್ಮೀತ್ ಸಿಂಗ್ 2018ರ ಏಷ್ಯನ್ ಗೇಮ್ಸ್‌ನಲ್ಲಿ, ಪಾಲೆಂಬಾಂಗ್‌ನ ಬಿಸಿಲಿನಲ್ಲಿ ಚಿನ್ನ ಗೆದ್ದದ್ದು 6 ನಿಮಿಷ 17.13 ಸೆಕೆಂಡಿನಲ್ಲಿ. 2023ರಲ್ಲಿ ಹಾಂಗ್‌ಝೌ ಗೇಮ್ಸ್‌ನಲ್ಲಿ ಸತ್ನಾಮ್ ಸಿಂಗ್, ಪರ್ಮಿಂದರ್ ಸಿಂಗ್, ಜಾಕರ್ ಖಾನ್, ಸುಖ್ಮೀತ್ ಸಿಂಗ್ 6 ನಿಮಿಷ 08.61 ಸೆಕೆಂಡಿಗೆ ಬಂದರೂ ಸಿಕ್ಕಿದ್ದು ಕಂಚು. ಎದುರುಗಾಳಿ ಇದ್ದರೆ ಇದೇ ದೋಣಿ, ಇದೇ ಜನ ಹತ್ತು ಹದಿನೈದು ಸೆಕೆಂಡ್ ನಿಧಾನ. ಗೆದ್ದವರಿಗೂ ನಮಗೂ ಎಷ್ಟು ಅಂತರ ಎಂಬುದೇ ಓದಲು ಯೋಗ್ಯವಾದ ಅಂಕಿ.

ಹೀಟ್‌ನಲ್ಲಿ (ಮೊದಲ ಸುತ್ತಿನ ರೇಸಿನಲ್ಲಿ) ಎಷ್ಟು ಶಕ್ತಿ ಸುರಿಯಬೇಕು ಎಂಬುದನ್ನು ದೋಣಿಗಳ ಸಂಖ್ಯೆ ಹೇಳುತ್ತದೆ. ಟೋಕಿಯೊದಲ್ಲಿ ಹತ್ತು ಕ್ವಾಡ್‌ಗಳು, ಎರಡು ಹೀಟ್. ಪ್ರತಿ ಹೀಟ್‌ನ ಮೊದಲಿಬ್ಬರು ನೇರ ಫೈನಲ್‌ಗೆ, ಉಳಿದ ಆರು ದೋಣಿಗಳು ರೆಪಶಾಜ್‌ಗೆ (ಸೋತವರಿಗೆ ಎರಡನೆಯ ಅವಕಾಶದ ರೇಸ್), ಅಲ್ಲಿಂದ ಇನ್ನೆರಡು. ಇಂಥ ಪಟ್ಟಿಯಲ್ಲಿ ಮೂರನೆಯ ಸ್ಥಾನ, ಐದನೆಯ ಸ್ಥಾನ ಹೆಚ್ಚು ಕಡಿಮೆ ಒಂದೇ. 1,500 ಮೀಟರಿನ ಹೊತ್ತಿಗೆ ಎರಡನೆಯ ದೋಣಿ ಕೈಗೆ ಸಿಗದು ಎಂದು ಖಾತ್ರಿಯಾದರೆ ದರ ಇಳಿಸಿ ಮುಗಿಸುವವರು ಬುದ್ಧಿವಂತರು. ಆದರೆ ಮುಂದಿನ ಸುತ್ತಿನ ಲೇನ್ ಹಂಚಿಕೆಗೆ ಸ್ಥಾನ ಲೆಕ್ಕಕ್ಕೆ ಬರುತ್ತದೆ ಎಂಬುದೂ ನೆನಪಿರಬೇಕು. ಮಾಮೂಲಿ ದಿನಗಳಲ್ಲಿ ಮೇಲಿನವರಿಗೆ ನಡುವಿನ 3 ಮತ್ತು 4ನೇ ಲೇನ್. ಅಡ್ಡಗಾಳಿಯಿಂದ ಲೇನ್‌ಗಳು ಅಸಮವಾದರೆ ಫೇರ್‌ನೆಸ್ ಕಮಿಟಿ ಅವರನ್ನು ಗಾಳಿಯ ಮರೆಯಿರುವ ಬದಿಗೆ ಬದಲಿಸುತ್ತದೆ.

ಫಿನಿಷ್ ದಾಟಿದ ಮೇಲೆ ತಕರಾರಿದ್ದರೆ ಅಲ್ಲೇ, ನೀರಿನ ಮೇಲೇ ಕೈ ಎತ್ತಿ ಅಂಪೈರ್‌ಗೆ ಹೇಳಬೇಕು. ಬಿಳಿ ಬಾವುಟ ಎತ್ತಿದರೆ ರೇಸ್ ಸರಿ, ಕೆಂಪು ಎತ್ತಿದರೆ ವಿಚಾರಣೆ. ದಡಕ್ಕೆ ಬಂದು ಕೋಚ್ ಹತ್ತಿರ ಹೇಳಿದರೆ ಏನೂ ಉಪಯೋಗವಿಲ್ಲ. ಪಾಂಟೂನಿನಲ್ಲಿ ತೂಕಕ್ಕೆ ಕರೆದರೆ ದೋಣಿ ನೇರ ತಕ್ಕಡಿಗೆ ಹೋಗಬೇಕು, ಮಧ್ಯೆ ಏನನ್ನೂ ಬಿಚ್ಚುವಂತಿಲ್ಲ, ಸೇರಿಸುವಂತಿಲ್ಲ. ಡೋಪಿಂಗ್ ಪರೀಕ್ಷೆಗೆ ಹೆಸರು ಬಂದವನ ಜೊತೆ ಒಬ್ಬರು ಇರಲಿ, ಉಳಿದ ಮೂವರು ಇಪ್ಪತ್ತು ನಿಮಿಷ ಎರ್ಗೋಮೀಟರ್ ಮೇಲೆ ನಿಧಾನಕ್ಕೆ ಎಳೆದು ಕಾಲಿನ ಬಿಗಿ ಇಳಿಸಿಕೊಳ್ಳಲಿ.

ಭಾನುವಾರ ಫೈನಲ್ ಮುಗಿದ ಸಂಜೆಯೇ ಬಾಡಿಗೆ ದೋಣಿ ಟ್ರೈಲರ್ ಹತ್ತುತ್ತದೆ. ರಿಗರ್ ಬಿಚ್ಚುವ ಮೊದಲು ಎಂಟು ಗೇಟಿನ ಎತ್ತರ, ಪಿಚ್, ಸ್ಪ್ಯಾನ್, ನಾಲ್ಕು ಸ್ಟ್ರೆಚರ್‌ಗಳ ಗುಂಡಿ ಸಂಖ್ಯೆಯನ್ನು ಹಾಳೆಯಲ್ಲಿ ಬರೆದುಕೊಳ್ಳಬೇಕು, ಜೊತೆಗೆ ಒಡಲಿನ ಮೇಲಿರುವ ತಯಾರಕರ ನಂಬರನ್ನೂ. ಅಳತೆ ವಾರದ ಮೊದಲ ದಿನದ್ದಕ್ಕೂ ಕೊನೆಯ ದಿನದ್ದಕ್ಕೂ ಎಲ್ಲಿ ವ್ಯತ್ಯಾಸ ಬಂದಿದೆಯೋ ಆ ಬೋಲ್ಟ್ ಸಡಿಲ ಬಿಟ್ಟಿದೆ ಎಂದು ಅರ್ಥ. ತಯಾರಕರ ಮೆಕ್ಯಾನಿಕ್‌ಗೆ ಅದನ್ನು ತೋರಿಸಿ ಸಹಿ ಹಾಕಿಸಿಕೊಂಡರೆ ಠೇವಣಿ ವಾಪಸು ಪಡೆಯುವಾಗ ಮಾತು ಬೆಳೆಯುವುದಿಲ್ಲ.